1959: ಪತ್ರ ಬರೆದ ಇಬ್ಬರು ಸೇನಾಪತಿಗಳು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಈ ಭಾಗದ ಯಾವ ಊರಿನಲ್ಲಾದರೂ ಬೆಳಗಿನ ಜಾವ ರಸ್ತೆಗೆ ಬಂದರೆ ಮಿಲಿಟರಿ ಭರ್ತಿಗಾಗಿ ಓಡುವ ಹುಡುಗರು ಕಾಣಸಿಗುತ್ತಾರೆ. ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿ ದಳದ ಕೇಂದ್ರವೇ ಇರುವುದರಿಂದ ಸೈನ್ಯ ನಮ್ಮವರಿಗೆ ದೂರದ ಸುದ್ದಿಯಲ್ಲ. ಸಿಪಾಯಿ, ನಾಯಕ, ಹವಾಲ್ದಾರ, ಸುಬೇದಾರ ಎಂಬ ಮೆಟ್ಟಿಲುಗಳು ಮನೆಯ ಹೆಣ್ಣುಮಕ್ಕಳಿಗೂ ಬಾಯಿಪಾಠ. ಆದರೆ ಮೆಟ್ಟಿಲಿನ ತುತ್ತತುದಿಯಲ್ಲಿರುವ ಸೇನಾಪತಿ ಯಾರ ಮಾತು ಕೇಳಬೇಕು? ಕೇಳಬೇಕಾದವನು ತಪ್ಪು ದಾರಿ ಹಿಡಿದಿದ್ದಾನೆಂದು ಅವನಿಗೆ ಅನ್ನಿಸಿದರೆ ಏನು ಮಾಡಬೇಕು? ಪೌರನೀತಿಯ ಪಠ್ಯದಲ್ಲಿ ಇದಕ್ಕೆ ಒಂದೇ ಸಾಲಿನ ಉತ್ತರವಿದೆ: ಸೈನ್ಯವು ಚುನಾಯಿತ ಸರಕಾರದ ಅಧೀನ. ಉತ್ತರ ಸರಿಯೇ. ಆದರೆ ಅದರ ಹಿಂದಿರುವ ಇತಿಹಾಸ ಒಂದು ಸಾಲಿಗೆ ಮುಗಿಯುವಂಥದಲ್ಲ.

1959ರ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಏಷ್ಯದ ಎರಡು ದೊಡ್ಡ ದೇಶಗಳಲ್ಲಿ ಈ ಪ್ರಶ್ನೆ ಕೆಲವೇ ವಾರಗಳ ಅಂತರದಲ್ಲಿ ಎದ್ದು ನಿಂತಿತು. ಕಮ್ಯುನಿಸ್ಟ್ ಚೀನಾದಲ್ಲಿ ರಕ್ಷಣಾ ಮಂತ್ರಿಯಾಗಿದ್ದ ಮಾರ್ಷಲ್ ಪೆಂಗ್ ದೆಹುವಾಯ್ ತಮ್ಮ ನಾಯಕ ಮಾವೋ ಅವರಿಗೆ ಒಂದು ಪತ್ರ ಬರೆದರು. ಭಾರತದಲ್ಲಿ ಭೂಸೇನೆಯ ಮುಖ್ಯಸ್ಥರಾಗಿದ್ದ, ನಮ್ಮದೇ ಕೊಡಗಿನ ಜನರಲ್ ಕೋದಂಡೇರ ಸುಬ್ಬಯ್ಯ ತಿಮ್ಮಯ್ಯನವರು ತಮ್ಮ ಸರಕಾರಕ್ಕೆ ಒಂದು ಪತ್ರ ಬರೆದರು. ಇಬ್ಬರೂ ರಣರಂಗದಲ್ಲಿ ಹಣ್ಣಾದವರು, ಇಬ್ಬರೂ ಹೆದರುವ ಜಾತಿಯವರಲ್ಲ. ಪತ್ರ ಬರೆದ ಮೇಲೆ ಇಬ್ಬರ ಬದುಕು ಮಾತ್ರ ಎರಡು ದಿಕ್ಕಿಗೆ ಹೋಯಿತು.

ಮೊದಲು ಪೆಂಗ್ ಅವರ ಕಥೆ. ಅದು ನಮ್ಮ ವಿದ್ಯಾರ್ಥಿಗಳಿಗೆ ಹೆಚ್ಚು ಪರಿಚಿತವಲ್ಲ, ಅಲ್ಲದೆ ಕಮ್ಯುನಿಸ್ಟ್ ಸರಕಾರವೊಂದರಲ್ಲಿ ಸೇನಾನಿಯ ರಾಜಕೀಯ ಬದುಕು ಹೇಗಿರುತ್ತದೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ.

ಪೆಂಗ್ ಹುಟ್ಟಿದ್ದು 1898ರ ಅಕ್ಟೋಬರ್ 24ರಂದು, ಹುನಾನ್ ಪ್ರಾಂತದ ಶಿಯಾಂಗ್‌ತಾನ್ ಜಿಲ್ಲೆಯಲ್ಲಿ. ಮಾವೋ ಹುಟ್ಟಿದ್ದೂ ಅದೇ ಜಿಲ್ಲೆಯಲ್ಲಿ. ಆದರೆ ಮಾವೋ ಅವರ ತಂದೆ ಕಾಳುಕಡಿಯ ವ್ಯಾಪಾರ ಮಾಡುತ್ತಿದ್ದ ಅನುಕೂಲಸ್ಥ ರೈತ, ಪೆಂಗ್ ಅವರದು ಒಪ್ಪತ್ತಿನ ಊಟಕ್ಕೂ ತತ್ವಾರದ ಮನೆ. ಚಿಕ್ಕಂದಿನಲ್ಲೇ ತಾಯಿ ತೀರಿಕೊಂಡರು. ಹಾಲುಗಲ್ಲದ ತಮ್ಮನೊಬ್ಬ ಹಸಿವೆಯಿಂದ ಸತ್ತ. ಹತ್ತರ ಆಸುಪಾಸಿನ ವಯಸ್ಸಿನಲ್ಲಿ ಹುಡುಗ ಭಿಕ್ಷೆಗೆ ಹೋದ, ದನ ಕಾಯ್ದ, ಕಲ್ಲಿದ್ದಲ ಗಣಿಯಲ್ಲಿ ದುಡಿದ. ಬರಗಾಲದ ವರ್ಷ ಜನರೆಲ್ಲ ಸೇರಿ ಸಾಹುಕಾರನ ಅಕ್ಕಿಯ ಕಣಜ ಒಡೆದಾಗ ಪೆಂಗ್ ಕೂಡ ಆ ಗುಂಪಿನಲ್ಲಿದ್ದರು. ಹಿಡಿಯುತ್ತಾರೆಂಬ ಹೆದರಿಕೆಯಿಂದ ಊರು ಬಿಟ್ಟು ಒಡ್ಡು ಕಟ್ಟುವ ಕೂಲಿಯಾದರು. 1916ರಲ್ಲಿ, ಹದಿನೆಂಟು ತುಂಬುವ ಹೊತ್ತಿಗೆ, ಸೈನ್ಯ ಸೇರಿದರು. ನಮ್ಮ ಕಡೆ ಹೇಳುವಂತೆ ಹೊಟ್ಟೆಪಾಡಿಗಾಗಿ ಸೇರಿದ ಸಿಪಾಯಿಗಿರಿ ಅದು.

1928ರಲ್ಲಿ ಅವರು ಕಮ್ಯುನಿಸ್ಟ್ ಪಕ್ಷ ಸೇರಿ ಅದೇ ವರ್ಷದ ಜುಲೈಯಲ್ಲಿ ಪಿಂಗ್‌ಜಿಯಾಂಗ್ ಎಂಬಲ್ಲಿ ತಮ್ಮ ದಳದೊಂದಿಗೆ ಬಂಡೆದ್ದರು. ಮುಂದಿನ ಇಪ್ಪತ್ತು ವರ್ಷಗಳ ವಿವರಕ್ಕೆ ಇಲ್ಲಿ ಜಾಗವಿಲ್ಲ. 1934–35ರ ಮಹಾನಡಿಗೆ, ಜಪಾನಿನ ವಿರುದ್ಧ 1940ರಲ್ಲಿ ನಡೆಸಿದ ದೊಡ್ಡ ದಾಳಿ, ವಾಯವ್ಯ ಚೀನಾದ ಅಂತರ್ಯುದ್ಧ, ಎಲ್ಲದರಲ್ಲೂ ಪೆಂಗ್ ಮುಂಚೂಣಿಯಲ್ಲಿದ್ದರು. ಗಮನಿಸಬೇಕಾದ ಸಂಗತಿ ಬೇರೆ. ನಮ್ಮಲ್ಲಿ ಸೇನಾನಿ ಬೇರೆ, ರಾಜಕಾರಣಿ ಬೇರೆ. ಚೀನಾದಲ್ಲಿ ಹಾಗಲ್ಲ. ಅಲ್ಲಿ ಸೈನ್ಯ ದೇಶದ್ದಲ್ಲ, ಪಕ್ಷದ್ದು. ಇಂದಿಗೂ ಹಾಗೆಯೇ ಇದೆ. ಬಂದೂಕು ಯಾರ ಕೈಯಲ್ಲೇ ಇರಲಿ, ಅದರ ಕುದುರೆ ಎಳೆಯುವ ಅಪ್ಪಣೆ ಪಕ್ಷದ್ದು. ಆದ್ದರಿಂದ ದೊಡ್ಡ ಸೇನಾನಿಯೆಲ್ಲ ಪಕ್ಷದ ದೊಡ್ಡ ನಾಯಕನೂ ಆಗಿರುತ್ತಾನೆ, ಯುದ್ಧ ಗೆದ್ದ ಕೀರ್ತಿ ನೇರವಾಗಿ ರಾಜಕೀಯದ ಬಂಡವಾಳವಾಗುತ್ತದೆ. ಅದೇ ಬಂಡವಾಳ ಅವನಿಗೆ ಗಂಡಾಂತರವೂ ಆಗುತ್ತದೆ.

1950ರ ಅಕ್ಟೋಬರ್‌ನಲ್ಲಿ ಕೊರಿಯಾ ಯುದ್ಧಕ್ಕೆ ಚೀನಾ ಧುಮುಕಿದಾಗ ಸೈನ್ಯದ ನಾಯಕತ್ವ ಪೆಂಗ್ ಅವರ ಹೆಗಲಿಗೆ ಬಂತು. ಎದುರಿಗೆ ಅಮೆರಿಕದ ವಿಮಾನ, ಟ್ಯಾಂಕು, ತೋಪು. ಇವರ ಸಿಪಾಯಿಗಳಿಗೆ ಚಳಿಗೆ ಸರಿಯಾದ ಬೂಟೂ ಇರಲಿಲ್ಲ. ಆದರೂ ಅಮೆರಿಕದ ಸೈನ್ಯವನ್ನು ಯಾಲು ನದಿಯ ದಡದಿಂದ ಹಿಂದಕ್ಕೆ ತಳ್ಳಿದರು. ಅದಕ್ಕೆ ತೆತ್ತ ಜೀವಗಳು ಲಕ್ಷಗಟ್ಟಲೆ. ಆ ವರ್ಷದ ನವೆಂಬರ್ 25ರಂದು ಪೆಂಗ್ ಅವರ ಠಾಣ್ಯದ ಮೇಲೆ ಬಿದ್ದ ಬಾಂಬಿಗೆ ಮಾವೋ ಅವರ ಹಿರಿಯ ಮಗ ಮಾವೋ ಅನ್‌ಯಿಂಗ್ ಬಲಿಯಾದ. ಮಗನ ಸಾವಿನ ನೆನಪು ಇಬ್ಬರ ನಡುವೆ ಎಷ್ಟು ಕಹಿ ಬಿತ್ತಿತೆಂಬುದನ್ನು ಇತಿಹಾಸಕಾರರು ಇನ್ನೂ ಚರ್ಚಿಸುತ್ತಾರೆ. 1953ರ ಜುಲೈ 27ರಂದು ಕದನವಿರಾಮವಾಯಿತು. ಚೀನಾದ ಪರವಾಗಿ ಆ ಒಪ್ಪಂದಕ್ಕೆ ರುಜು ಹಾಕಿದವರು ಪೆಂಗ್.

ಇಲ್ಲಿ ನಮ್ಮ ತಿಮ್ಮಯ್ಯನವರು ಕಥೆಯೊಳಗೆ ಬರುತ್ತಾರೆ. ಯುದ್ಧ ನಿಂತರೂ ಒಂದು ಗಂಟು ಬಿಡಿಸದೆ ಉಳಿದಿತ್ತು. ಸೆರೆಸಿಕ್ಕ ಸೈನಿಕರಲ್ಲಿ ಸಾವಿರಾರು ಜನ ತಮ್ಮ ದೇಶಕ್ಕೆ ವಾಪಸು ಹೋಗಲು ಒಲ್ಲೆವೆಂದರು. ಅಂಥವರ ವಿಚಾರಣೆಗಾಗಿ ಐದು ತಟಸ್ಥ ರಾಷ್ಟ್ರಗಳ ಆಯೋಗ ರಚನೆಯಾಯಿತು: ಸ್ವಿಜರ್ಲೆಂಡ್, ಸ್ವೀಡನ್, ಪೋಲೆಂಡ್, ಜೆಕೊಸ್ಲೊವಾಕಿಯಾ, ಭಾರತ. ಅಧ್ಯಕ್ಷರು ತಿಮ್ಮಯ್ಯ. ಎರಡು ರಾಷ್ಟ್ರ ಅತ್ತ, ಎರಡು ಇತ್ತ. ನಿಜವಾದ ತಟಸ್ಥರು ಭಾರತದವರೇ. ಕೈದಿಗಳನ್ನು ಕಾಯುವ ಸುಮಾರು ಆರು ಸಾವಿರ ಭಾರತೀಯ ಸೈನಿಕರ ಪಡೆಗೆ ಮುಖ್ಯಸ್ಥರಾಗಿ ಹೋದವರು ಮೇಜರ್ ಜನರಲ್ ಎಸ್.ಪಿ.ಪಿ. ತೋರಾತ್, ಕೊಲ್ಹಾಪುರ ಸೀಮೆಯವರು. ನಿಪ್ಪಾಣಿಯಿಂದ ಕೊಲ್ಹಾಪುರಕ್ಕೆ ಒಂದು ತಾಸಿನ ದಾರಿ. ಗಡಿ ಯಾವ ಕಡೆಯದೇ ಇರಲಿ, ತೋರಾತರನ್ನು ನಮ್ಮ ನೆರೆಯ ಮನೆಯವರೆಂದು ಹೇಳಿಕೊಳ್ಳಲು ಅಡ್ಡಿಯಿಲ್ಲ.

ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಭಾರತದ ಸೈನಿಕರು ತನ್ನ ನೆಲದ ಮೇಲೆ ಕಾಲಿಡಕೂಡದೆಂದು ಹಟ ಹಿಡಿದ. ಹೀಗಾಗಿ ಹಡಗಿನಿಂದ ಇಳಿದವರನ್ನು ಹೆಲಿಕಾಪ್ಟರುಗಳಲ್ಲಿ ಎತ್ತಿ ನೇರವಾಗಿ ಗಡಿಪಟ್ಟಿಗೆ ಒಯ್ಯಬೇಕಾಯಿತು. ಕಾವಲಿಗೆ ಒಪ್ಪಿಸಿದ ಕೈದಿಗಳು ಇಪ್ಪತ್ತೆರಡು ಸಾವಿರಕ್ಕೂ ಮಿಕ್ಕಿ. ಅವರಲ್ಲಿ ಹದಿನಾಲ್ಕು ಸಾವಿರಕ್ಕೂ ಹೆಚ್ಚು ಮಂದಿ ಚೀನೀಯರು, ಎಂದರೆ ಪೆಂಗ್ ಅವರ ಸಿಪಾಯಿಗಳು. ಕೈದಿಗಳ ಬಿಡಾರದೊಳಗೆ ಕಮ್ಯುನಿಸ್ಟ್ ವಿರೋಧಿ ಗುಂಪುಗಳದೇ ದರಬಾರು. ಒಮ್ಮೆ ಭಾರತದ ಮೇಜರ್ ಒಬ್ಬರನ್ನು ಕೈದಿಗಳು ಒಳಗೆಳೆದು ಹಿಡಿದಿಟ್ಟುಕೊಂಡರು. ಗುಂಡು ಹಾರಿಸಿದ್ದರೆ ನೂರಾರು ಹೆಣ ಬೀಳುತ್ತಿದ್ದವು. ತೋರಾತ್ ಸಾಹೇಬರು ತಾವೇ ಒಳಗೆ ಹೋಗಿ ಮಾತಾಡಿ, ಒಂದು ಗುಂಡೂ ಹಾರದಂತೆ ಅವರನ್ನು ಬಿಡಿಸಿಕೊಂಡು ಬಂದರು. ಕೊನೆಗೆ ಚೀನೀ ಕೈದಿಗಳಲ್ಲಿ ಹೆಚ್ಚಿನವರು 1954ರ ಜನವರಿಯಲ್ಲಿ ತೈವಾನಿಗೆ ಹೋದರು. ಇಪ್ಪತ್ತೊಂದು ಮಂದಿ ಅಮೆರಿಕನ್ನರು ಚೀನಾದಲ್ಲಿ ಉಳಿಯುತ್ತೇವೆಂದರು. ಎರಡೂ ಕಡೆ ಬೇಡವೆಂದ ಎಂಬತ್ತಕ್ಕೂ ಹೆಚ್ಚು ಜನ ಭಾರತದ ಪಡೆಯೊಂದಿಗೆ ಇಲ್ಲಿಗೇ ಬಂದರು. ತಿಮ್ಮಯ್ಯನವರ ನಿಷ್ಪಕ್ಷಪಾತವನ್ನು ಅತ್ತಲವರೂ ಇತ್ತಲವರೂ ಬೈದರು, ಅತ್ತಲವರೂ ಇತ್ತಲವರೂ ಕೊನೆಗೆ ಹೊಗಳಿದರು. ಮಧ್ಯಸ್ಥಿಕೆ ಮಾಡಿದವರಿಗೆಲ್ಲ ಗೊತ್ತಿರುವ ಅನುಭವವೇ ಇದು.

ಯುದ್ಧದಿಂದ ಮರಳಿದ ಪೆಂಗ್ 1954ರಲ್ಲಿ ರಕ್ಷಣಾ ಮಂತ್ರಿಯಾದರು. 1955ರಲ್ಲಿ ಹತ್ತು ಜನರಿಗೆ ಮಾರ್ಷಲ್ ಪದವಿ ಕೊಟ್ಟಾಗ ಅವರೂ ಒಬ್ಬರು. ಉಪಪ್ರಧಾನಿಯ ಸ್ಥಾನ, ಪಕ್ಷದ ಪಾಲಿಟ್‌ಬ್ಯೂರೋದಲ್ಲಿ ಸ್ಥಾನ, ಎಲ್ಲವೂ ಇತ್ತು. ಇಷ್ಟಾದರೂ ಮನುಷ್ಯ ಬದಲಾಗಲಿಲ್ಲ. ಒರಟು ಮಾತು, ಸಾದಾ ಬಟ್ಟೆ. ಇತರರೆಲ್ಲ ಮಾವೋ ಅವರನ್ನು ‘ಅಧ್ಯಕ್ಷರೇ’ ಎಂದು ಕರೆಯತೊಡಗಿದ ಮೇಲೂ ಇವರು ಯುದ್ಧಕಾಲದ ಹಳೆಯ ಸಲಿಗೆಯಲ್ಲೇ ಮಾತಾಡುತ್ತಿದ್ದರು. ಅರಮನೆಯ ರಾಜಕೀಯಕ್ಕೆ ಇಂಥವರು ಒಗ್ಗುವುದು ಕಷ್ಟ.

1958ರಲ್ಲಿ ಮಾವೋ ‘ಮಹಾ ಜಿಗಿತ’ ಎಂಬ ಯೋಜನೆ ಹೊರಡಿಸಿದರು. ಹದಿನೈದು ವರ್ಷಗಳಲ್ಲಿ ಉಕ್ಕಿನ ಉತ್ಪಾದನೆಯಲ್ಲಿ ಇಂಗ್ಲೆಂಡನ್ನು ಹಿಂದೆ ಹಾಕಬೇಕು, ಹೊಲಗಳನ್ನೆಲ್ಲ ಒಟ್ಟು ಮಾಡಿ ಕಮ್ಯೂನುಗಳನ್ನು ಕಟ್ಟಬೇಕು, ಮನೆಯ ಒಲೆ ಆರಿಸಿ ಊರೆಲ್ಲ ಒಂದೇ ಭೋಜನಶಾಲೆಯಲ್ಲಿ ಉಣ್ಣಬೇಕು. 1957ರಲ್ಲಿ 53.5 ಲಕ್ಷ ಟನ್ ಇದ್ದ ಉಕ್ಕನ್ನು ಒಂದೇ ವರ್ಷದಲ್ಲಿ 107 ಲಕ್ಷ ಟನ್ನಿಗೆ ಏರಿಸಲು ಅಪ್ಪಣೆಯಾಯಿತು. ಹಳ್ಳಿ ಹಳ್ಳಿಯಲ್ಲಿ ಮಣ್ಣಿನ ಕುಲುಮೆಗಳೆದ್ದವು. ನಮ್ಮಲ್ಲಿ ಬೆಲ್ಲದ ಗಾಣಕ್ಕೆ ಒಲೆ ಹೂಡಿದ ಹಾಗೆ ಕುಲುಮೆ ಹೂಡಿ, ರಾತ್ರಿ ಹಗಲು ಕಟ್ಟಿಗೆ ಉರಿಸಿ, ಅದರೊಳಗೆ ಮನೆಯ ಬಾಣಲೆ, ಗುದ್ದಲಿ, ಬಾಗಿಲ ಚಿಲಕ ಎಲ್ಲವನ್ನೂ ಹಾಕಿ ಕರಗಿಸಿದರು. ಬಂದದ್ದು ಬಹುಪಾಲು ಕೆಲಸಕ್ಕೆ ಬಾರದ ಗಟ್ಟಿ. ಆಳುಗಳೆಲ್ಲ ಕುಲುಮೆಯ ಮುಂದೆ ನಿಂತದ್ದರಿಂದ ಹೊಲದಲ್ಲಿ ನಿಂತ ಬೆಳೆ ಹೊಲದಲ್ಲೇ ಕೊಳೆಯಿತು.

ಇದಕ್ಕಿಂತ ಕೆಟ್ಟದ್ದು ಸುಳ್ಳು ಲೆಕ್ಕ. ಮೇಲಿನವರಿಗೆ ದೊಡ್ಡ ಅಂಕಿ ಬೇಕು, ಕೆಳಗಿನವರು ದೊಡ್ಡ ಅಂಕಿ ಕೊಟ್ಟರು. ಕೆಲವೆಡೆ ಎಕರೆಗೆ ನೂರಾರು ಟನ್ ಭತ್ತ ಬೆಳೆದಿದ್ದೇವೆಂದು ವರದಿ ಕಳಿಸಿದರು! ಕೃಷ್ಣೆಯ ದಂಡೆಯ ನಮ್ಮ ರೈತರಿಗೆ ಎಕರೆಗೆ ನಲವತ್ತು ಐವತ್ತು ಟನ್ ಕಬ್ಬು ಬಂದರೆ ಒಳ್ಳೆಯ ಬೆಳೆ. ಭತ್ತ ನೂರಾರು ಟನ್ ಎಂದರೆ ಹೊಲದಲ್ಲಿ ಭತ್ತವನ್ನು ಆಳೆತ್ತರ ರಾಶಿ ಸುರಿದಿರಬೇಕು. 1958ರಲ್ಲಿ ಇಡೀ ದೇಶದ ಧಾನ್ಯ 37.5 ಕೋಟಿ ಟನ್ ಎಂದು ಸಾರಿದರು. ನಿಜವಾಗಿ ಬಂದದ್ದು 20 ಕೋಟಿ ಟನ್ನಿನ ಆಸುಪಾಸು. ಆದರೆ ಸರಕಾರ ಲೇವಿ ಎತ್ತಿದ್ದು ಸುಳ್ಳು ಲೆಕ್ಕದ ಮೇಲೆ. ಕಾಗದದ ಮೇಲಿನ ಕಾಳು ಕಾಗದದ ಮೇಲೇ ಉಳಿಯಿತು, ಹಗೇವಿನ ಕಾಳು ಪಟ್ಟಣಕ್ಕೆ ಹೋಯಿತು.

ಆ ವರ್ಷದ ಕೊನೆಗೆ ಪೆಂಗ್ ತಮ್ಮ ಹುಟ್ಟೂರಿನ ಕಡೆ ಸುತ್ತಾಡಿದರು. ಹಸಿವೆ ಕಂಡು ಬೆಳೆದವರ ಕಣ್ಣಿಗೆ ಹಸಿವೆ ಬೇಗ ಕಾಣುತ್ತದೆ. ತಾವು ಮೂವತ್ತು ವರ್ಷಗಳ ಹಿಂದೆ ಬಂಡೆದ್ದ ಪಿಂಗ್‌ಜಿಯಾಂಗ್‌ನಲ್ಲಿ ಒಂದು ವಸ್ತುಪ್ರದರ್ಶನ ಏರ್ಪಾಡಾಗಿತ್ತು. ಅಲ್ಲಿ 1957ರ ಒಳ್ಳೆಯ ಇಳುವರಿಯನ್ನು 1958ರದೆಂದೂ, 1958ರ ಕಡಿಮೆ ಇಳುವರಿಯನ್ನು ಹಿಂದಿನ ವರ್ಷದ್ದೆಂದೂ ಅದಲುಬದಲು ಮಾಡಿ ಬರೆದದ್ದು ಅವರಿಗೆ ಗೊತ್ತಾಯಿತು. ಯುದ್ಧದಲ್ಲಿ ಕೈಕಾಲು ಕಳಕೊಂಡ ಹಳೆಯ ಸೈನಿಕನೊಬ್ಬ ಹಳ್ಳಿಯ ಕಷ್ಟವನ್ನು ಚೀಟಿಯಲ್ಲಿ ಬರೆದು ಅವರ ಕೈಗಿತ್ತನಂತೆ. ಜನರ ಪರವಾಗಿ ಮಾತಾಡಿರೆಂದು ಕೇಳಿದ ಆ ಚೀಟಿ ಪೆಂಗ್ ಅವರನ್ನು ಬಿಡದೆ ಕಾಡಿತು.

1959ರ ಜುಲೈ 2ರಂದು ಲೂಶಾನ್ ಎಂಬ ತಂಪುಗಿರಿಯಲ್ಲಿ ಪಕ್ಷದ ಹಿರಿಯರ ಸಭೆ ಸೇರಿತು. ಬೆಟ್ಟದ ಮೇಲೆ ಬಂಗಲೆಗಳು, ಸಂಜೆ ನಾಟಕ, ಕವಿತೆ. ಜುಲೈ 13ರಂದು ಪೆಂಗ್ ಮಾವೋ ಅವರನ್ನು ನೇರವಾಗಿ ಕಾಣಲು ಹೋದರು. ‘ಈಗಷ್ಟೇ ಮಲಗಿದ್ದಾರೆ’ ಎಂದು ಕಾವಲಿನವ ಹೇಳಿದ. ಮಾವೋ ರಾತ್ರಿಯೆಲ್ಲ ಎಚ್ಚರವಿದ್ದು ಹಗಲು ಮಲಗುವವರು. ಪೆಂಗ್ ಮರಳಿ ಬಂದು ಪತ್ರ ಬರೆದು, ಮರುದಿನ ಕಳುಹಿಸಿದರು. ಆ ಹೊತ್ತು ಮಾವೋ ಎಚ್ಚರವಾಗಿದ್ದಿದ್ದರೆ ಚರಿತ್ರೆ ಬೇರೆಯಾಗುತ್ತಿತ್ತೇ ಎಂದು ಕೇಳುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ.

ಪತ್ರದಲ್ಲಿ ಬಂಡಾಯದ ಮಾತೇನೂ ಇರಲಿಲ್ಲ. ಮೊದಲ ಭಾಗದಲ್ಲಿ ಯೋಜನೆಯ ಸಾಧನೆಗಳನ್ನು ಒಪ್ಪಿಕೊಂಡು, ಎರಡನೆಯ ಭಾಗದಲ್ಲಿ ಉಕ್ಕಿನ ಕುಲುಮೆಗಳಲ್ಲಿ ನಷ್ಟವೂ ಆಗಿದೆ, ಲೆಕ್ಕಗಳನ್ನು ಉಬ್ಬಿಸುವ ಗಾಳಿ ಎಲ್ಲೆಡೆ ಬೀಸುತ್ತಿದೆ, ಉತ್ಸಾಹ ಹುಚ್ಚಾಗಿದೆ ಎಂದು ಬರೆದಿದ್ದರು. ಖಾಸಗಿ ಪತ್ರ ಅದು. ಮಾವೋ ಅದನ್ನು ಮುದ್ರಿಸಿ ಜುಲೈ 16ರಂದು ಸಭೆಗೆಲ್ಲ ಹಂಚಿಸಿದರು. ಸೈನ್ಯದ ಮುಖ್ಯ ದಂಡಾಧಿಕಾರಿ ಹುವಾಂಗ್ ಕೆಚೆಂಗ್, ವಿದೇಶಾಂಗ ಖಾತೆಯ ಝಾಂಗ್ ವೆನ್‌ಟಿಯಾನ್, ಹುನಾನ್ ಪ್ರಾಂತದ ಪಕ್ಷದ ಮುಖಂಡ ಝೌ ಶಿಯಾವ್‌ಝೌ, ಈ ಮೂವರು ಪೆಂಗ್ ಅವರ ಮಾತಿಗೆ ದನಿ ಕೂಡಿಸಿದರು. ಜುಲೈ 23ರಂದು ಮಾವೋ ಸಿಡಿದೆದ್ದರು. ಸೈನ್ಯ ಪೆಂಗ್ ಅವರ ಹಿಂದೆ ಹೋಗುವುದಾದರೆ ತಾನು ಮತ್ತೆ ಹಳ್ಳಿಗೆ ಹೋಗಿ ಹೊಸ ಸೈನ್ಯ ಕಟ್ಟುತ್ತೇನೆಂಬ ಅರ್ಥದ ಮಾತಾಡಿದರು. ಅಲ್ಲಿಗೆ ವಿಷಯ ಧಾನ್ಯದ್ದಾಗಿ ಉಳಿಯಲಿಲ್ಲ. ಮಾವೋ ಕಡೆಯವರೋ, ಪೆಂಗ್ ಕಡೆಯವರೋ ಎಂಬುದಾಯಿತು. ನಾಲ್ವರಿಗೂ ‘ಪಕ್ಷದ್ರೋಹಿ ಕೂಟ’ ಎಂಬ ಹಣೆಪಟ್ಟಿ ಬಿತ್ತು. ಸ್ವಲ್ಪ ದಿನ ಮೊದಲು ಪೆಂಗ್ ಪೂರ್ವ ಯುರೋಪಿನ ಪ್ರವಾಸ ಮಾಡಿ ರಷ್ಯದ ಕ್ರುಶ್ಚೇವ್ ಅವರನ್ನು ಕಂಡಿದ್ದರು. ಅದೂ ಒಂದು ಆರೋಪವಾಯಿತು. ಸೆಪ್ಟೆಂಬರ್ 17ರಂದು ರಕ್ಷಣಾ ಮಂತ್ರಿ ಸ್ಥಾನ ಹೋಯಿತು. ಅಲ್ಲಿಗೆ ಬಂದವರು ಮಾವೋ ಅವರನ್ನು ಹಾಡಿ ಹೊಗಳುತ್ತಿದ್ದ ಮಾರ್ಷಲ್ ಲಿನ್ ಬಿಯಾವ್.

ಇದೇ ವಾರಗಳಲ್ಲಿ ಭಾರತದಲ್ಲಿ ಏನು ನಡೆದಿತ್ತು? ಮಾರ್ಚಿಯಲ್ಲಿ ದಲಾಯಿ ಲಾಮಾ ಟಿಬೆಟಿನಿಂದ ಓಡಿ ಬಂದಿದ್ದರು. ಗಡಿಯಲ್ಲಿ ಬಿಸಿ ಏರುತ್ತಿತ್ತು. ಜುಲೈ 31ರಂದು ನೆಹರೂ ಸರಕಾರ ಕೇರಳದ ಇ.ಎಂ.ಎಸ್. ನಂಬೂದಿರಿಪಾಡರ ಕಮ್ಯುನಿಸ್ಟ್ ಸರಕಾರವನ್ನು ವಜಾ ಮಾಡಿತು. ನಮ್ಮ ಕಾಸರಗೋಡಿನ ಕನ್ನಡಿಗರೂ ಆಗ ಅದೇ ಸರಕಾರದ ಪ್ರಜೆಗಳು. ಆಗಸ್ಟ್ 25ರಂದು ಲಾಂಗ್‌ಜು ಎಂಬಲ್ಲಿ ಚೀನೀಯರು ನಮ್ಮ ಗಡಿಠಾಣೆಯ ಮೇಲೆ ಗುಂಡು ಹಾರಿಸಿದರು. ಆರು ದಿನಗಳ ನಂತರ, ಆಗಸ್ಟ್ 31ರಂದು, ತಿಮ್ಮಯ್ಯನವರು ರಾಜೀನಾಮೆ ಬರೆದರು.

ತಿಮ್ಮಯ್ಯನವರು 1906ರ ಮಾರ್ಚ್ 31ರಂದು ಮಡಿಕೇರಿಯಲ್ಲಿ ಹುಟ್ಟಿದವರು. ಬೆಂಗಳೂರಿನ ಬಿಷಪ್ ಕಾಟನ್ ಶಾಲೆ, ಡೆಹ್ರಾಡೂನ್, ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್, ಹೀಗೆ ಓದಿ 1926ರಲ್ಲಿ ಅಧಿಕಾರಿಯಾದರು. ಎರಡನೆಯ ಮಹಾಯುದ್ಧದಲ್ಲಿ ಬರ್ಮಾದ ರಣರಂಗದಲ್ಲಿ ಬ್ರಿಗೇಡನ್ನು ನಡೆಸಿದ ಭಾರತೀಯರು ಅವರು. 1948ರಲ್ಲಿ ಕಾಶ್ಮೀರದ ಜೋಜಿಲಾ ಕಣಿವೆಗೆ, ಹನ್ನೊಂದು ಸಾವಿರ ಅಡಿಗೂ ಎತ್ತರಕ್ಕೆ, ಟ್ಯಾಂಕುಗಳನ್ನು ಏರಿಸಿ ದಾರಿ ಬಿಡಿಸಿದರು. 1957ರ ಮೇ 8ರಂದು ಭೂಸೇನೆಯ ಮುಖ್ಯಸ್ಥರಾದರು. ಅದೇ ವರ್ಷ ರಕ್ಷಣಾ ಮಂತ್ರಿಯಾಗಿ ಬಂದವರು ವಿ.ಕೆ. ಕೃಷ್ಣ ಮೆನನ್. ಮೆನನ್ ಕಾಂಗ್ರೆಸ್ಸಿನವರೇ, ಆದರೆ ಎಡಪಂಥದ ಒಲವಿನವರೆಂದು ವಿರೋಧಿಗಳು ಅವರನ್ನು ಕಮ್ಯುನಿಸ್ಟ್ ಎಂದೇ ಕರೆಯುತ್ತಿದ್ದರು. ಅವರ ಬುದ್ಧಿ ಬಲು ಚುರುಕು, ನಾಲಗೆ ಅದಕ್ಕಿಂತ ಚುರುಕು. ಬಡ್ತಿಯ ವಿಷಯದಲ್ಲಿ ಸೇನಾ ಮುಖ್ಯಸ್ಥರನ್ನು ದಾಟಿ ತಮಗೆ ಬೇಕಾದವರನ್ನು ಮೇಲಕ್ಕೆ ತರುತ್ತಾರೆಂಬುದು, ಅದರಲ್ಲೂ ಬಿ.ಎಂ. ಕೌಲ್ ಅವರ ಬಡ್ತಿ, ಜಗಳದ ಮೂಲ. ಅದರ ಹಿಂದೆ ಇನ್ನೂ ದೊಡ್ಡ ಭಿನ್ನಮತವಿತ್ತು. ಅಪಾಯ ಪಾಕಿಸ್ತಾನದಿಂದ ಎಂದು ಮೆನನ್, ಚೀನಾದಿಂದಲೂ ಇದೆ ಎಂದು ಸೇನಾನಿಗಳು.

ನೆಹರೂ ತಿಮ್ಮಯ್ಯನವರನ್ನು ಕರೆಸಿ ಮಾತಾಡಿದರು, ರಾಜೀನಾಮೆ ವಾಪಸಾಯಿತು. ಅಷ್ಟರಲ್ಲಿ ಸುದ್ದಿ ಪತ್ರಿಕೆಗೆ ಸೋರಿ, ಸೆಪ್ಟೆಂಬರ್ 1ರಂದು ಅಚ್ಚಾಗಿ, ದೆಹಲಿಯೆಲ್ಲ ಗುಲ್ಲೆದ್ದಿತು. ಮರುದಿನ ನೆಹರೂ ಲೋಕಸಭೆಯಲ್ಲಿ ಉತ್ತರ ಕೊಟ್ಟರು. ನಾಗರಿಕ ಸರಕಾರವೇ ಮೇಲು ಎಂದು ಒತ್ತಿ ಹೇಳಿದರು, ಸೇನಾಪತಿಯ ನಡೆ ಸರಿಯಲ್ಲವೆಂದೂ ಸೂಚಿಸಿದರು. ತಿಮ್ಮಯ್ಯನವರಿಗೆ ಮುಜುಗರವಾಯಿತೆಂಬುದರಲ್ಲಿ ಸಂಶಯವಿಲ್ಲ. ನೆಹರೂ ಅವರ ಹೆದರಿಕೆಗೂ ಕಾರಣವಿತ್ತು. ಹನ್ನೊಂದು ತಿಂಗಳ ಹಿಂದಷ್ಟೇ, 1958ರ ಅಕ್ಟೋಬರ್‌ನಲ್ಲಿ, ಪಕ್ಕದ ಪಾಕಿಸ್ತಾನದಲ್ಲಿ ಜನರಲ್ ಅಯೂಬ್ ಖಾನ್ ಗದ್ದುಗೆ ಹಿಡಿದಿದ್ದರು.

ಆಮೇಲೆ ಏನಾಯಿತು? ತಿಮ್ಮಯ್ಯನವರು ತಮ್ಮ ಅವಧಿ ಪೂರೈಸಿ 1961ರ ಮೇ ತಿಂಗಳಲ್ಲಿ ಮರ್ಯಾದೆಯಿಂದ ನಿವೃತ್ತರಾದರು. ಅವರ ಮನೆಯ ಮುಂದೆ ಕಾವಲು ಕೂರಲಿಲ್ಲ, ಅವರ ಗೆಳೆಯರನ್ನು ಯಾರೂ ಜೈಲಿಗೆ ಹಾಕಲಿಲ್ಲ. ಎರಡು ದೇಶಗಳ ಅಂತರ ಇಲ್ಲಿದೆ. ಸೈನ್ಯ ರಾಜಕೀಯದ ಅಧೀನ ಎಂಬ ಮಾತನ್ನು ನೆಹರೂ ಹೇಳಿದರು, ಮಾವೋ ಅವರೂ ಹೇಳಿದರು. ಆದರೆ ದೆಹಲಿಯಲ್ಲಿ ಪತ್ರಿಕೆಯವರು ಕೇಳಿದರು, ವಿರೋಧ ಪಕ್ಷದವರು ಎದ್ದು ನಿಂತು ಕೇಳಿದರು, ಪ್ರಧಾನಿ ಉತ್ತರಿಸಬೇಕಾಯಿತು. ಲೂಶಾನಿನ ಬೆಟ್ಟದ ಮೇಲೆ ಕೇಳುವವರೇ ಇರಲಿಲ್ಲ. ಸ್ವತಂತ್ರ ಪತ್ರಿಕೆ, ವಿರೋಧ ಪಕ್ಷ ಇರುವ ದೇಶದಲ್ಲಿ ದೊಡ್ಡ ಕ್ಷಾಮ ಬೀಳುವುದಿಲ್ಲವೆಂದು ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ವಾದಿಸಿದಾಗ ಅವರು ಎದುರಿಗಿಟ್ಟ ಮುಖ್ಯ ಉದಾಹರಣೆಗಳಲ್ಲಿ ಒಂದು ಇದೇ ಚೀನಾದ ಕ್ಷಾಮ. ಪೆಂಗ್ ಅವರ ಗತಿ ಕಂಡ ಮೇಲೆ ನಿಜ ಲೆಕ್ಕ ಬರೆಯುವ ಧೈರ್ಯ ಯಾವ ಅಧಿಕಾರಿಗೂ ಉಳಿಯಲಿಲ್ಲ. ಮಹಾ ಜಿಗಿತ ಇನ್ನೂ ಜೋರಾಗಿ ನಡೆಯಿತು. 1961ರವರೆಗೆ ಸತ್ತವರ ಸಂಖ್ಯೆಯನ್ನು ವಿದ್ವಾಂಸರು ಒಂದೂವರೆ ಕೋಟಿಯಿಂದ ನಾಲ್ಕೂವರೆ ಕೋಟಿಯವರೆಗೆ ಅಂದಾಜು ಮಾಡುತ್ತಾರೆ. ಕಡಿಮೆಯ ಅಂದಾಜನ್ನೇ ಹಿಡಿದರೂ ಕೊರಿಯಾದಲ್ಲಿ ಸತ್ತ ಚೀನೀ ಸೈನಿಕರು ಅದರ ಒಂದು ಮೂಲೆಗೂ ಬರುವುದಿಲ್ಲ.

ಹಾಗೆಂದು ನಮ್ಮ ಕಡೆ ಎಲ್ಲವೂ ಸರಿಯಿತ್ತೆಂದು ಬೀಗುವಂತಿಲ್ಲ. ಇಲ್ಲಿ ಸೇನಾಪತಿಯನ್ನು ಶಿಕ್ಷಿಸಲಿಲ್ಲ, ಆದರೆ ಅವನ ಮಾತನ್ನೂ ಕೇಳಲಿಲ್ಲ. ಕೊರಿಯಾದಿಂದ ಬಂದ ತೋರಾತರು ಆ ಹೊತ್ತಿಗೆ ಲಖನೌದಲ್ಲಿ ಪೂರ್ವ ವಿಭಾಗದ ದಂಡಾಧಿಕಾರಿ. ಚೀನಾ ದಾಳಿ ಮಾಡಿದರೆ ಈಶಾನ್ಯ ಗಡಿಯನ್ನು ಎಲ್ಲಿ ನಿಂತು ಕಾಯಬೇಕು, ಎಷ್ಟು ಸೈನ್ಯ ಬೇಕು ಎಂಬ ಯೋಜನೆಯನ್ನು ಅವರು 1959ರಲ್ಲೇ ಬರೆದು ಮೇಲಕ್ಕೆ ಕಳುಹಿಸಿದರು. 1960ರ ಮಾರ್ಚಿಯಲ್ಲಿ ‘ಲಾಲ್ ಕಿಲಾ’ ಎಂಬ ಹೆಸರಿನ ಕವಾಯತು ನಡೆಸಿ ಅದನ್ನು ತೋರಿಸಿಯೂ ಕೊಟ್ಟರು. ಸುಮ್ಮನೆ ಹೆದರಿಸುತ್ತಾರೆ ಎಂದು ಮೆನನ್ ತಳ್ಳಿಹಾಕಿದರು. 1962ರ ಅಕ್ಟೋಬರ್ 20ರಂದು ಚೀನಾ ದಾಳಿ ಮಾಡಿತು. ಈಶಾನ್ಯದ ರಣರಂಗದ ಹೊಣೆ ಹೊತ್ತಿದ್ದವರು ಅದೇ ಬಿ.ಎಂ. ಕೌಲ್. ನವೆಂಬರ್‌ನಲ್ಲಿ ಮೆನನ್ ಮಂತ್ರಿಪದವಿ ಬಿಡಬೇಕಾಯಿತು. ಸೋತ ಮೇಲೆ ನೆಹರೂ ತಮ್ಮನ್ನು ಕರೆಸಿ, ಈ ಯೋಜನೆ ತನಗೇಕೆ ತೋರಿಸಲಿಲ್ಲವೆಂದು ಕೇಳಿದ್ದನ್ನು ತೋರಾತರು ತಮ್ಮ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಆಗ ಅವರು ನಿವೃತ್ತರಾಗಿದ್ದರು.

ಪೆಂಗ್ ಅವರನ್ನು ಬೀಜಿಂಗಿನ ಹೊರವಲಯದ ಹಳೆಯ ತೋಟದ ಮನೆಗೆ ಕಳುಹಿಸಿದರು. ಮಾರ್ಷಲ್ ಸಮವಸ್ತ್ರವನ್ನು ಒಪ್ಪಿಸಿ ಬಂದ ಮನುಷ್ಯ ಅಲ್ಲಿ ಗುದ್ದಲಿ ಹಿಡಿದರು. ಕೊಳ ತೋಡಿದರು, ತರಕಾರಿ ಬೆಳೆದರು. ಒಂದು ಚೂರು ನೆಲದಲ್ಲಿ ಗೋಧಿ ಬಿತ್ತಿ, ಗೊಬ್ಬರ ಹಾಕಿ, ಗುಬ್ಬಿ ಕಾಯ್ದು, ನಿಜವಾಗಿ ನೆಲ ಎಷ್ಟು ಕೊಡುತ್ತದೆಂದು ತೂಗಿ ನೋಡಿದರು. ಸರಕಾರಿ ವರದಿಗೆ ಒಬ್ಬ ರೈತನ ಮಗ ಕೊಟ್ಟ ಉತ್ತರ ಅದು, ಯಾರೂ ಓದದ ಉತ್ತರ. 1962ರಲ್ಲಿ ತಮ್ಮ ಮೇಲಿನ ಆರೋಪಗಳನ್ನು ಅಲ್ಲಗಳೆದು ಎಂಬತ್ತು ಸಾವಿರ ಅಕ್ಷರಗಳ ಮನವಿ ಬರೆದರು. ಲೂಶಾನಿನಲ್ಲಿ ಒತ್ತಡಕ್ಕೆ ಮಣಿದು ತಪ್ಪೊಪ್ಪಿಕೊಂಡದ್ದು ಅವರನ್ನು ಕೊನೆತನಕ ಚುಚ್ಚಿತು. ಮಕ್ಕಳಿರಲಿಲ್ಲ. ಒತ್ತಡಕ್ಕೆ ಸಿಕ್ಕ ಪತ್ನಿ ಪು ಆನ್‌ಶಿಯು ದೂರವಾದರು.

1965ರಲ್ಲಿ ಮಾವೋ ಕರೆಸಿ, ಸತ್ಯ ನಿಮ್ಮ ಕಡೆ ಇದ್ದಿರಲೂಬಹುದು ಎಂಬ ಅರ್ಥದ ಮಾತಾಡಿ, ಸಿಚುವಾನ್ ಪ್ರಾಂತಕ್ಕೆ ಒಂದು ಸಣ್ಣ ಹುದ್ದೆ ಕೊಟ್ಟು ಕಳುಹಿಸಿದರು. ವರ್ಷ ಕಳೆಯುವುದರಲ್ಲಿ ಸಾಂಸ್ಕೃತಿಕ ಕ್ರಾಂತಿ ಎದ್ದಿತು. 1966ರ ಡಿಸೆಂಬರಿನಲ್ಲಿ ಕೆಂಪು ಕಾವಲುಪಡೆಯ ಹುಡುಗರು ಅವರನ್ನು ಹಿಡಿದು ಬೀಜಿಂಗಿಗೆ ತಂದರು. ಹಿಡಿದವರಲ್ಲಿ ನಮ್ಮ ಕಾಲೇಜು ವಿದ್ಯಾರ್ಥಿಗಳ ವಯಸ್ಸಿನವರೇ ಹೆಚ್ಚು. ಕೊರಳಿಗೆ ಹಲಗೆ ಕಟ್ಟಿ ಮೆರವಣಿಗೆ, ತುಂಬಿದ ಸಭೆಯಲ್ಲಿ ಹೊಡೆತ. 1967ರ ಜುಲೈಯಲ್ಲಿ ಪಕ್ಕೆಲುಬು ಮುರಿಯಿತು. ನೂರಕ್ಕೂ ಹೆಚ್ಚು ಸಲ ವಿಚಾರಣೆಯಾಯಿತು. ವಿಚಾರಣೆಗಾಗಿ ಬರೆಸಿದ ಆ ಕಾಗದಗಳೇ ಮುಂದೆ 1981ರಲ್ಲಿ ಅವರ ಆತ್ಮಕಥೆಯಾಗಿ ಅಚ್ಚಾದವು. ಅವರ ಜಾಗಕ್ಕೆ ಬಂದಿದ್ದ ಲಿನ್ ಬಿಯಾವ್, ಮಾವೋ ಅವರ ಉತ್ತರಾಧಿಕಾರಿ ಎಂದು ಪಕ್ಷದ ನಿಯಮಾವಳಿಯಲ್ಲೇ ಹೆಸರು ಬರೆಸಿಕೊಂಡವನು, 1971ರ ಸೆಪ್ಟೆಂಬರ್ 13ರಂದು ಓಡಿಹೋಗುವಾಗ ಮಂಗೋಲಿಯಾದಲ್ಲಿ ವಿಮಾನ ಬಿದ್ದು ಸತ್ತ. ಹೊಗಳಿದವನಿಗೂ ಉಳಿಗಾಲವಿರಲಿಲ್ಲ.

ಇದು ಚೀನಾದ ಮಾತಷ್ಟೇ ಅಲ್ಲ. ಹಿಟ್ಲರನ ಸೈನ್ಯವನ್ನು ಮುರಿದ ರಷ್ಯದ ಮಾರ್ಷಲ್ ಝುಕೋವ್ 1955ರಲ್ಲಿ ರಕ್ಷಣಾ ಮಂತ್ರಿಯಾಗಿ, 1957ರ ಅಕ್ಟೋಬರ್‌ನಲ್ಲಿ ಹೊರದೇಶದ ಪ್ರವಾಸ ಮುಗಿಸಿ ಬರುವಷ್ಟರಲ್ಲಿ ಪದವಿ ಕಳಕೊಂಡರು. ಫ್ರಾನ್ಸನ್ನು ಸೋಲಿಸಿದ ವಿಯೆಟ್ನಾಮಿನ ಜನರಲ್ ಜಿಯಾಪ್ 1982ರಲ್ಲಿ ಪಾಲಿಟ್‌ಬ್ಯೂರೋ ಬಿಟ್ಟು, ಮುಂದೆ ಕುಟುಂಬ ಯೋಜನೆಯ ಸಮಿತಿಯ ಹೊಣೆ ಹೊತ್ತರು! ಪೋಲೆಂಡಿನ ಜರುಜೆಲ್ಸ್ಕಿ ಮಾತ್ರ ಇದಕ್ಕೆ ಹೊರತು. ಅಲ್ಲಿ 1981ರಲ್ಲಿ ಪಕ್ಷವೇ ಕುಸಿದದ್ದರಿಂದ ಸೇನಾನಿಯೇ ಪಕ್ಷದ ಮುಖ್ಯಸ್ಥನೂ ಆದ. ಚೀನಾದಲ್ಲಿ ಹಳೆಯ ಚಾಳಿ ಇನ್ನೂ ಮುಗಿದಿಲ್ಲ. 2024ರ ಜೂನ್ ತಿಂಗಳಲ್ಲಿ ಒಬ್ಬರ ಹಿಂದೊಬ್ಬರು ರಕ್ಷಣಾ ಮಂತ್ರಿಗಳಾಗಿದ್ದ ಇಬ್ಬರು ಜನರಲ್‌ಗಳನ್ನು ಲಂಚದ ಆರೋಪದ ಮೇಲೆ ಒಂದೇ ದಿನ ಪಕ್ಷದಿಂದ ಹೊರಹಾಕಲಾಯಿತು. ನಮ್ಮಲ್ಲಿ ಜನರಲ್‌ಗಳಿಗೆ ರಾಜಕೀಯದ ಬಾಗಿಲು ಬೇರೆ ರೀತಿಯದು. ತಿಮ್ಮಯ್ಯನವರ ಜಿಲ್ಲೆಯವರೇ ಆದ ಕಾರಿಯಪ್ಪನವರು 1971ರಲ್ಲಿ ಲೋಕಸಭೆಗೆ ನಿಂತು ಸೋತರು, ಸೋತು ಮಡಿಕೇರಿಯ ತಮ್ಮ ಮನೆಗೆ ನೆಮ್ಮದಿಯಿಂದ ಮರಳಿದರು.

1964ರಲ್ಲಿ ವಿಶ್ವಸಂಸ್ಥೆ ತಿಮ್ಮಯ್ಯನವರನ್ನು ಸೈಪ್ರಸ್ ದ್ವೀಪದ ಶಾಂತಿಪಡೆಯ ಮುಖ್ಯಸ್ಥರನ್ನಾಗಿ ಕರೆಯಿತು. ಅಲ್ಲಿ ಗ್ರೀಕ್ ಕ್ರೈಸ್ತರಿಗೂ ತುರ್ಕಿ ಮುಸಲ್ಮಾನರಿಗೂ ಹೊಡೆದಾಟ. ಕೊರಿಯಾದಲ್ಲಿ ಕಲಿತ ವಿದ್ಯೆ ಅಲ್ಲಿಯೂ ಉಪಯೋಗಕ್ಕೆ ಬಂತು. ಎರಡೂ ಕೋಮಿನವರು ಅವರನ್ನು ನಂಬಿದರು. 1965ರ ಡಿಸೆಂಬರ್ 18ರಂದು ಕೆಲಸದಲ್ಲಿರುವಾಗಲೇ ಹೃದಯಾಘಾತದಿಂದ ತೀರಿಕೊಂಡರು. ಸೈಪ್ರಸ್ ಸರಕಾರ ಮರುವರ್ಷ ಅವರ ಚಿತ್ರದ ಅಂಚೆಚೀಟಿ ಹೊರಡಿಸಿತು. ಅವರ ಸಮಾಧಿ ಬೆಂಗಳೂರಿನಲ್ಲಿದೆ. ಮಡಿಕೇರಿಯ ಅವರ ಮನೆ ‘ಸನ್ನಿ ಸೈಡ್’ 2021ರ ಫೆಬ್ರವರಿಯಿಂದ ವಸ್ತುಸಂಗ್ರಹಾಲಯವಾಗಿದೆ; ಕೊಡಗಿಗೆ ಶೈಕ್ಷಣಿಕ ಪ್ರವಾಸ ಒಯ್ಯುವ ಶಿಕ್ಷಕರು ಅರ್ಧ ದಿನ ಅದಕ್ಕೆ ಮೀಸಲಿಡಬಹುದು.

ಪೆಂಗ್ 1974ರ ನವೆಂಬರ್ 29ರಂದು ಬೀಜಿಂಗಿನ ಆಸ್ಪತ್ರೆಯಲ್ಲಿ ಕ್ಯಾನ್ಸರಿನಿಂದ ಸತ್ತರು. ದಹನದ ದಾಖಲೆಯಲ್ಲಿ ಅವರ ಹೆಸರು ಬರೆಯಲಿಲ್ಲ. ವಾಂಗ್ ಚುವಾನ್ ಎಂಬ ಸುಳ್ಳು ಹೆಸರಿನಲ್ಲಿ ಬೂದಿಯನ್ನು ಚೆಂಗ್ಡುವಿಗೆ ಕಳುಹಿಸಿ ಇಟ್ಟರು. ಮಾವೋ ಸತ್ತು ಎರಡು ವರ್ಷಗಳ ಮೇಲೆ, 1978ರ ಡಿಸೆಂಬರಿನಲ್ಲಿ, ಪಕ್ಷ ಅವರ ಮೇಲಿನ ಆರೋಪಗಳನ್ನೆಲ್ಲ ಹಿಂದಕ್ಕೆ ತೆಗೆದುಕೊಂಡಿತು. ಬೂದಿಯ ಪೆಟ್ಟಿಗೆಯನ್ನು ವಿಮಾನದಲ್ಲಿ ಬೀಜಿಂಗಿಗೆ ತಂದು, ಡಿಸೆಂಬರ್ 24ರಂದು ಶೋಕಸಭೆ ನಡೆಸಿದರು. ಆ ದಿನ ಪೆಟ್ಟಿಗೆಯ ಮೇಲೆ ಅವರ ಸ್ವಂತ ಹೆಸರಿತ್ತು.